ಸಹಾಯ ಬೇಕು: ನೀರಿನ ಮೇಲೆ ಹುಟ್ಟುವ ಸೂರ್ಯ ಉಡುಪಿಯಲ್ಲಿ ಎಲ್ಲಿ ಸಿಗ್ತಾನೆ?

ನಮಸ್ಕಾರ ಎಲ್ಲರಿಗೂ. ಈ ಡಿಸೆಂಬರ್ ಪೂರ್ತಿ ನಾವು ನಾಲ್ಕು ಜನ ದಿನಕ್ಕೊಂದು ಫೋಟೋ ಹುಡುಕುವ ಆಟ ಆಡ್ತಿದ್ದೇವೆ. ಹಿಂದಿನ ರಾತ್ರಿ ಸುಳಿವು ಬರುತ್ತದೆ. ಸೈಕಲ್ ತುಳಿದೇ ಹೋಗಬೇಕು, ಫೋಟೋದಲ್ಲಿ ಸೈಕಲ್ ಕಾಣಬೇಕು. ಇಬ್ಬನಿ ಕೂತ ಜೇಡರ ಬಲೆ, ಚಾದ ಹಬೆ ಎಲ್ಲ ಸಿಕ್ಕಿತು. ಒಂದು ಮಾತ್ರ ಬಾಕಿ: 'ನೀರಿನ ಮೇಲೆ ಹುಟ್ಟುವ ಸೂರ್ಯ'.

ನಮ್ಮ ಕಡಲು ಪಡುವಣಕ್ಕಿದೆ ಅಲ್ವಾ, ಮಲ್ಪೆಯಲ್ಲಿ ಸೂರ್ಯ ಬೆನ್ನ ಹಿಂದೆ ಬರ್ತಾನೆ. ಹೊಳೆಯೇ ಗತಿ ಅಂತ ಎರಡು ದಿನ ಪಡುಕೆರೆಗೆ ಹೋದೆ. ಮೊದಲ ದಿನ ಹೊಳೆ ತುಂಬ ಮಂಜು. ಬ್ರೇಕ್ ತಂತಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸೂರ್ಯ ಕಾಣುವಾಗ ಆಗಲೇ ಮೇಲೇರಿದ್ದ. ಮರುದಿನ ಮಂಜಿಲ್ಲ, ಆದರೆ ಈಗ ಸೂರ್ಯ ನೇರ ಪೂರ್ವಕ್ಕಲ್ಲ, ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ತಾನೆ. ನಾನು ನಿಂತಲ್ಲಿಂದ ಸರಿಯಾಗಿ ಅಲ್ಲೇ ಎದುರು ದಡದ ತೆಂಗಿನ ಮರಗಳು ಅಡ್ಡ. ತುಂಬಾ ಬೇಜಾರಾಯಿತು.

ಉಳಿದದ್ದು ಸ್ವರ್ಣಾ ನದಿ ಮಾತ್ರ. ಕೆಮ್ಮಣ್ಣು, ಹೂಡೆ ದಾಟಿ ಕೋಡಿಬೆಂಗ್ರೆಗೆ ಹೋಗುವ ದಾರಿಯಲ್ಲಿ ಆಗ್ನೇಯಕ್ಕೆ ಬರೀ ನೀರೇ ಕಾಣುವ, ಬೆಳಿಗ್ಗೆ ಏಳರೊಳಗೆ ಸೈಕಲ್ ನಿಲ್ಲಿಸಬಹುದಾದ ಜಾಗ ಯಾವುದು? ಹತ್ತಿರದ ಗುರುತು ಒಂದು ಹೇಳಿ ಮಾರಾಯ್ರೇ, ನಾಳೆಯೇ ಹೊರಡ್ತೇನೆ.