ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್: ದುಬಾರಿ ಫ್ರೀ ಏಜೆಂಟ್‌ಗೆ ಎಷ್ಟು ವರ್ಷಗಳ ಒಪ್ಪಂದ?

ಪ್ರಶ್ನೆ: ಬೇಸ್‌ಬಾಲ್ ತಂಡವೊಂದನ್ನು ನಡೆಸುವ ಈ ಕಂಪ್ಯೂಟರ್ ಆಟದಲ್ಲಿ ನನ್ನದು ಮಧ್ಯಮ ಬಜೆಟ್ಟಿನ ತಂಡ. ಈ ಚಳಿಗಾಲದ ಫ್ರೀ ಏಜೆಂಟ್‌ಗಳಲ್ಲೇ (ಒಪ್ಪಂದ ಮುಗಿದು ಯಾವ ತಂಡವನ್ನಾದರೂ ಸೇರಬಹುದಾದ ಆಟಗಾರರಲ್ಲೇ) ಅತ್ಯುತ್ತಮನಾದ 31 ವರ್ಷದ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಒಬ್ಬ 8 ವರ್ಷಗಳ ಒಪ್ಪಂದ ಕೇಳುತ್ತಿದ್ದಾನೆ. ಒಪ್ಪಿಕೊಳ್ಳಬಹುದೇ?

ಉತ್ತರ 1: ಬೇಡ. ಶಾರ್ಟ್‌ಸ್ಟಾಪ್‌ನ ಬೆಲೆ ಇರುವುದೇ ಅವನ ಓಟ ಮತ್ತು ಫೀಲ್ಡಿಂಗ್ ವ್ಯಾಪ್ತಿಯಲ್ಲಿ. ವಯಸ್ಸಾದಂತೆ ಮೊದಲು ಕುಸಿಯುವುದೂ ಅವೇ ಆದ್ದರಿಂದ, 35ರ ಹೊತ್ತಿಗೆ ಅವನನ್ನು ಕಡಿಮೆ ವ್ಯಾಪ್ತಿ ಸಾಕಾಗುವ ಮೂರನೇ ಬೇಸ್‌ಗೆ ಸರಿಸಿ, ಅದೇ ಸಂಬಳ ಕೊಡುತ್ತಿರಬೇಕಾಗುತ್ತದೆ. ವರ್ಷಕ್ಕೆ ಹೆಚ್ಚು ಹಣ ಕೊಟ್ಟು ಅವಧಿಯನ್ನು 4 ವರ್ಷಕ್ಕೆ ಇಳಿಸಲು ಯತ್ನಿಸಿ.

ಉತ್ತರ 2: ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಮೊದಲು ಆಟಗಾರನ ಸ್ವಭಾವ ನೋಡಿ. ದುರಾಸೆ ಕಡಿಮೆಯಿದ್ದು ಗೆಲ್ಲುವ ತಂಡದಲ್ಲಿ ಆಡುವ ಹಂಬಲ ಹೆಚ್ಚಿದ್ದರೆ, ನಿಮ್ಮ ತಂಡ ಬಲವಾಗಿರುವಷ್ಟೂ ಮಾತುಕತೆ ಸುಲಭವಾಗುತ್ತದೆ. ಯಾರೂ ಸಹಿ ಮಾಡಿಸಿಕೊಳ್ಳದೆ ಚಳಿಗಾಲ ಮುಂದುವರಿದಂತೆ ಬೇಡಿಕೆಯೂ ಇಳಿಯುತ್ತದೆ, ಕಾಯುವ ಧೈರ್ಯವಿರಲಿ.

ಉತ್ತರ 3: ಅವನು ಕ್ವಾಲಿಫೈಯಿಂಗ್ ಆಫರ್ (ಹಳೆಯ ತಂಡ ಮುಂದಿಡುವ ಒಂದು ವರ್ಷದ ಒಪ್ಪಂದ) ತಿರಸ್ಕರಿಸಿ ಬಂದವನೇ ಎಂಬುದನ್ನೂ ಗಮನಿಸಿ, ಏಕೆಂದರೆ ಅಂಥವನನ್ನು ಸೇರಿಸಿಕೊಂಡರೆ ಡ್ರಾಫ್ಟ್‌ ಆಯ್ಕೆ (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ) ಕೈತಪ್ಪುತ್ತದೆ. ದೀರ್ಘ ಒಪ್ಪಂದಗಳು ಇಲ್ಲವೆಂದಲ್ಲ: ನಿಜವಾದ ಬೇಸ್‌ಬಾಲ್‌ನಲ್ಲಿ 2024ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ತಾರಾ ಆಟಗಾರ ಹುವಾನ್ ಸೋಟೋಗೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಟ್ಟಿತು ನಿಜ, ಆದರೆ ಆಗ ಅವನಿಗೆ 26 ವರ್ಷವಷ್ಟೇ.