ಸಹಾಯ ಬೇಕು: ಅಮ್ಮನ ಹಳೆಯ ಕ್ರೈಸ್ತ ಸಂಗೀತ ಪುಸ್ತಕದ ನಾಲ್ಕು ಪುಟಗಳು
ಆತ್ಮೀಯರೇ, ತುಮಕೂರಿನಲ್ಲಿ ನಮ್ಮೊಡನಿದ್ದ ಅಮ್ಮ ಕಳೆದ ತಿಂಗಳು ಪ್ರಭುವಿನಲ್ಲಿ ನಿದ್ರಿಸಿದರು. ಬೆಳಗಿನ ಕಾಫಿಗೂ ಮೊದಲೇ ಮೊಮ್ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಅವರು ಹಾಡಿಸುತ್ತಿದ್ದ ಪುಸ್ತಕವು ಮೈಸೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದ್ದು. 1947ರಲ್ಲಿ ಹಲವು ಪ್ರೊಟೆಸ್ಟಂಟ್ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ರೂಪುಗೊಳ್ಳುವುದಕ್ಕೂ ಹಿಂದಿನದು. ಅದರ ಅಂಚುಗಳಲ್ಲಿ ಒಬ್ಬೊಬ್ಬ ಮೊಮ್ಮಗುವಿನ ಜ್ವರ, ಪರೀಕ್ಷೆಗಳ ತಾರೀಖನ್ನು ಪೆನ್ಸಿಲಿನಲ್ಲಿ ಬರೆದು, ಪ್ರಾರ್ಥನೆ ಕೇಳಲ್ಪಟ್ಟಿತೆಂದು ಕಂಡಾಗ ಪಕ್ಕದಲ್ಲಿ ಪುಟ್ಟ ಶಿಲುಬೆ ಎಳೆದಿದ್ದಾರೆ. ಕಣ್ಣು ಮಂಜಾದ ಮೇಲೆ ಅವರು ಬಾಯಿಪಾಠವಾಗಿಯೇ ಹಾಡುತ್ತಿದ್ದರಿಂದ ಪುಸ್ತಕವನ್ನು ಅಟ್ಟಕ್ಕೆ ಹಾಕಿದವನು ನಾನೇ. ಅವರ ಮೆಚ್ಚಿನ ಸಂಜೆಯ ಹಾಡಿದ್ದ 112ರಿಂದ 115ರವರೆಗಿನ ಪುಟಗಳನ್ನು ಗೆದ್ದಲು ತಿಂದಿದೆ. ಸ್ಮರಣೆಯ ಆರಾಧನೆಯಲ್ಲಿ ಅದನ್ನೇ ಹಾಡಬೇಕೆಂದು ಮಕ್ಕಳ ಹಟ. ರಾಗ ಗೊತ್ತು, ಎರಡನೆಯ ಚರಣದಿಂದ ಮುಂದೆ ಯಾರಿಗೂ ಬಾರದು. ಹಳೆಯ ಪ್ರತಿ ಇರುವವರು ದಯವಿಟ್ಟು ಆ ಪುಟಗಳ ಫೋಟೋ ಇಲ್ಲಿ ಹಾಕಬೇಕಾಗಿ ವಿನಂತಿ.