ರವೆಯಲ್ಲಿ ಬಲೆ, ಅಕ್ಕಿಯಲ್ಲಿ ಹುಳ: ಏನು ಮಾಡಲಿ?

ಪ್ರಶ್ನೆ (ಪುತ್ತೂರಿನಿಂದ):
ಮಳೆ ಹಿಡಿದಾಗಿನಿಂದ ಅಡುಗೆಮನೆ ಕಪಾಟಿನಲ್ಲಿ ಸಣ್ಣ ಸಣ್ಣ ಪತಂಗಗಳು ಹಾರುತ್ತಿವೆ. ರವೆ, ಕಡಲೆಹಿಟ್ಟು ಎರಡರಲ್ಲೂ ನೂಲಿನಂಥ ಬಲೆ, ಹಿಟ್ಟೆಲ್ಲ ಗಂಟುಗಂಟು. ಅಕ್ಕಿಯಲ್ಲಿ ಬೇರೆ ಕಪ್ಪು ಹುಳ. ಅಂಬೆಗಾಲಿಡುವ ಮಗು ಇದೆ, ಸ್ಪ್ರೇ ಹೊಡೆಯಲು ಮನಸ್ಸಿಲ್ಲ. ದಾರಿ ಹೇಳಿ.

ಉತ್ತರ:
ಸ್ಪ್ರೇ ಬೇಡವೇ ಬೇಡ. ಬಲೆ ಕಟ್ಟುವುದು ಪತಂಗದ ಮರಿಹುಳ. ಆ ಹಿಟ್ಟನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಇವತ್ತೇ ಮನೆಯಿಂದ ಆಚೆ ಹಾಕಿ. ಆಮೇಲೆ ಕಪಾಟು ಪೂರ್ತಿ ಖಾಲಿ ಮಾಡಿ. ಹಲಗೆ ಸಂದಿ, ಮೊಳೆ ತೂತು, ಹಾಸಿದ ಪೇಪರಿನ ಅಡಿ, ಮುಚ್ಚಳದ ಒಳ ಅಂಚು ನೋಡಿ. ಮರಿಗಳು ಗೂಡು ಕಟ್ಟುವುದು ಅಲ್ಲೇ. ಹಳೇ ಬ್ರಷ್‌ನಿಂದ ಕೆರೆದು, ಸೋಪುನೀರಿನಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ. ಹುಳ ಕಾಣದ ಹಿಟ್ಟು, ಬೇಳೆಗಳನ್ನು ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ 4 ದಿನ ಇಡಿ, ಮೊಟ್ಟೆಯೂ ಸಾಯುತ್ತದೆ. ಫ್ರಿಜ್ಜಿನ ಕೆಳಗಿನ ಖಾನೆಯ ತಂಪು ಸಾಲದು.

ಇನ್ನೊಂದು ಉತ್ತರ:
ಅಕ್ಕಿ ಹುಳ ಕಾಳಿನ ಒಳಗೇ ಮೊಟ್ಟೆ ಇಡುತ್ತದೆ. ಸುಮ್ನೆ ಜರಡಿ ಹಿಡಿದರೆ ಮತ್ತೆ ಬರುತ್ತದೆ. ಬೇವಿನೆಲೆ, ಒಣಮೆಣಸಿನಕಾಯಿ ನಮ್ಮಮ್ಮನೂ ಹಾಕುತ್ತಾರೆ, ಆದರೆ ಒಳಗಿರುವ ಮರಿಯನ್ನು ಅವು ಕೊಲ್ಲುವುದಿಲ್ಲ. ಅಕ್ಕಿಯನ್ನೂ ಫ್ರೀಜರ್‌ಗೇ ಹಾಕಿ. ರವೆ ತಂದ ದಿನವೇ ಹುರಿದು, ಪೂರ್ತಿ ಆರಿದ ಮೇಲೆ ತುಂಬಿಡಿ. ಮಳೆಗಾಲದಲ್ಲಿ ಜಾಸ್ತಿ ತರಬೇಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಪ್ಯಾಕೆಟ್ಟಿಗೆ ಕ್ಲಿಪ್ ಹಾಕಿಟ್ಟರೆ ಸಾಕಲ್ವಾ?

ಮೊದಲ ಉತ್ತರದವರು:
ಸಾಲದು. ತೆಳು ಪ್ಲಾಸ್ಟಿಕ್ ಅನ್ನು ಮರಿಹುಳ ಕೊರೆಯುತ್ತದೆ. ಬಿಗಿ ಮುಚ್ಚಳದ ಗಾಜು ಅಥವಾ ಸ್ಟೀಲ್ ಡಬ್ಬ ಬಳಸಿ. ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ.